ಉಣ್ಣೆ ಉದುರುವ ಜಾಗ

ಯಲಬುರ್ಗಾ, ಕುಷ್ಟಗಿ ಕಡೆ ಉಣ್ಣೆ ಎಂದರೆ ಮೊದಲು ನೆನಪಾಗುವುದು ಕುರಿಯ ಕೂದಲು, ಕಂಬಳಿ. ಆ ಕುರಿಹಿಂಡಿನ ಹಿಂದೆ ಹೋಗುವ ನಾಯಿಯ ಕಿವಿ ಮಡಚಿ ನೋಡಿದರೆ ಇನ್ನೊಂದು ಉಣ್ಣೆ ಕಾಣುತ್ತದೆ. ಎಳ್ಳಿನಷ್ಟಿದ್ದು, ರಕ್ತ ಕುಡಿದು ಕಡಲೆಕಾಳಿನಷ್ಟಾಗುವ, ಜೇಡದ ಬಳಗದ ಜೀವಿ. ಈ ಎರಡನೆಯ ಉಣ್ಣೆಯನ್ನು ಮನುಷ್ಯ ಎಲ್ಲಿ ಹುಡುಕಿದ ಎಂಬುದಕ್ಕೂ ಒಂದು ಚರಿತ್ರೆಯಿದೆ.

ನಮ್ಮವರು ನಾಯಿಯನ್ನು ಕಡೆಗಣಿಸಿದವರಲ್ಲ. ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಕಾದಾಡಿ, ಎರಡೂ ಸತ್ತ ಸಂಗತಿಯನ್ನು ಮಂಡ್ಯ ಸೀಮೆಯ ಆತಕೂರಿನ ಶಾಸನ ದಾಖಲಿಸಿದೆ. ಅದರ ಕಾಲ ಕ್ರಿ.ಶ. 949-50. ಇಟಗಿಯ ಮಹಾದೇವ ದೇವಾಲಯ 1112ರಲ್ಲಿ ಎದ್ದಾಗ ಆಳುತ್ತಿದ್ದವನು ಚಾಲುಕ್ಯ ಆರನೇ ವಿಕ್ರಮಾದಿತ್ಯ. ಅವನ ಮಗ ಮೂರನೇ ಸೋಮೇಶ್ವರ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ನಾಯಿಗಳ ವಿನೋದಕ್ಕೂ ಜಾಗ ಕೊಟ್ಟ. ಅದೇ ಮನೆತನದ ಕೀರ್ತಿವರ್ಮ ಕನ್ನಡದಲ್ಲಿ ‘ಗೋವೈದ್ಯ’ ಬರೆದ. ಅದು ದನಕರುಗಳ ವೈದ್ಯ. ಬೇವಿನೆಣ್ಣೆ, ಹೊಂಗೆ ಎಣ್ಣೆ, ಒಲೆಯ ಬೂದಿ, ಜಗಲಿಯ ಮೇಲೆ ಕೂತು ಒಂದೊಂದೇ ಕೀಳುವ ಬೆರಳು: ನಾಯಿಯ ವೈದ್ಯ ಹೀಗೆ ಪುಸ್ತಕದ ಹಂಗಿಲ್ಲದೆ ನಡೆದುಬಂತು.

ಉಣ್ಣೆ ಬರೀ ಕಿರಿಕಿರಿಯಲ್ಲ, ಸಾವನ್ನೂ ಹೊತ್ತು ತರುತ್ತದೆ ಎಂದು ಪ್ರಯೋಗಾಲಯ ಕಂಡುಕೊಂಡದ್ದು ತಡವಾಗಿ. 1910ರಲ್ಲಿ ಪ್ಯಾಟನ್ ಎಂಬ ವಿಜ್ಞಾನಿ ಮದ್ರಾಸ್ ಹಂಟ್ ಬೇಟೆಕೂಟದ ನಾಯಿಗಳ ರಕ್ತದಲ್ಲಿ ಹೊಸ ಪರಾವಲಂಬಿಯೊಂದನ್ನು ಗುರುತಿಸಿದ. ಅದೇ ಜೀವಿ ನರಿಗಳ ರಕ್ತದಲ್ಲೂ ಇತ್ತು. ಬೇಟೆಯಾಡುವವನಿಗೂ ಬೇಟೆಗೂ ಒಂದೇ ಕಾಯಿಲೆ! ಇವತ್ತು ಬೆಬೇಸಿಯ ಗಿಬ್ಸೋನಿ ಎನ್ನುವುದು ಅದನ್ನೇ. 1935ರಲ್ಲಿ ಅಲ್ಜೀರಿಯದಲ್ಲಿ ಎರ್ಲಿಕಿಯ ಪತ್ತೆಯಾಯಿತು. ಜ್ವರ, ಸೊರಗುವಿಕೆ, ಮೂಗಿನಲ್ಲಿ ರಕ್ತ ಅದರ ಗುರುತು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೇನೆಯ ನೂರಾರು ನಾಯಿಗಳು ಅದಕ್ಕೆ ಬಲಿಯಾದವು.

ಕರ್ನಾಟಕ ಉಣ್ಣೆಗೆ ನಿಜವಾಗಿ ಹೆದರಿದ್ದು 1957ರಲ್ಲಿ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಹಿಂದೆಯೇ ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಕಾಡಿನ ಉಣ್ಣೆ ಹರಡುವ ಹೊಸ ವೈರಸ್ಸನ್ನು ಹಿಡಿದರು. ಜನ ಕರೆದದ್ದು ಮಂಗನ ಕಾಯಿಲೆ ಎಂದು. ಅಲ್ಲಿ ನಡೆದ ಒಂದು ಕೆಲಸ ನನಗೆ ಮುಖ್ಯವಾಗಿ ಕಾಣುತ್ತದೆ: ಮಂಗ ಸತ್ತು ಬಿದ್ದ ಜಾಗದ ಸುತ್ತಲಿನ ನೆಲಕ್ಕೆ ಕೀಟನಾಶಕ ಹೊಡೆದದ್ದು. ಹೆಣ ತಣ್ಣಗಾದ ಮೇಲೆ ಉಣ್ಣೆ ಅದರ ಮೈಮೇಲೆ ಇರುವುದಿಲ್ಲ, ಇಳಿದು ಎಲೆಕಸ ಸೇರುತ್ತದೆ.

ಆನೆಗೊಂದಿಯ ಬಂಡೆಗಳಲ್ಲೂ ಮಂಗಗಳಿವೆ. ಹಾಗೆಂದು ಮನೆಯ ನಾಯಿಯ ಉಣ್ಣೆಗೂ ಆ ಕಾಯಿಲೆಗೂ ಗಂಟು ಹಾಕಬೇಕಾಗಿಲ್ಲ. ಮಲೆನಾಡಿನ ಆ ಉಣ್ಣೆಯ ಜಾತಿ ಬೇರೆ; ಇಲ್ಲಿನ ಕಂದು ಉಣ್ಣೆಗೆ ಕಾಡು ಬೇಡ, ಗೋಡೆ ಸಾಕು. ಮರಿ, ಎಳೆಯದು, ಬೆಳೆದದ್ದು ಎಂದು ಮೂರು ಹಂತದಲ್ಲಿ ಮೂರು ಸಲ ನಾಯಿಯನ್ನು ಹತ್ತಿ ಇಳಿಯುತ್ತದೆ. ಕೊನೆಗೆ ಕಲ್ಲಿನ ಸಂದು, ಮಣ್ಣುಗೋಡೆಯ ಬಿರುಕು ಹೊಕ್ಕು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ತಿಂಗಳುಗಟ್ಟಲೆ ಉಪವಾಸವೂ ಅದಕ್ಕೆ ಗೊತ್ತು. ಚಿಗಟದ ಮೊಟ್ಟೆಯಂತೂ ನಾಯಿ ಮಲಗಿದಲ್ಲೆಲ್ಲ ಉದುರಿರುತ್ತದೆ. ಕಲ್ಲಿನ ಮನೆಗಳ ಊರಿನಲ್ಲಿ ನಾಯಿಗೆ ಮಾತ್ರ ಔಷಧ ಹಾಕಿದರೆ ಅರ್ಧ ಕೆಲಸ. ಹಾಸಿದ ಗೋಣಿಚೀಲವನ್ನು ಬಿಸಿನೀರಿನಲ್ಲಿ ಒಗೆಯಬೇಕು, ಸಂದುಗಳನ್ನು ಗಾರೆಯಿಂದ ಮುಚ್ಚಬೇಕು.

ಔಷಧದ ಕಥೆ ವೇಗವಾಗಿ ಓಡಿತು. 1939ರಲ್ಲಿ ಡಿಡಿಟಿಯ ಗುಣ ತಿಳಿಯಿತು, ಹಿಂದೆಯೇ ಬಿಎಚ್‌ಸಿ ಪುಡಿ ಬಂತು. ಭಾರತ ಅದನ್ನು ನಿಷೇಧಿಸಿದ್ದು 1997ರಲ್ಲಿ. ಆ ದಶಕದಲ್ಲೇ ಕತ್ತಿನ ಹಿಂದೆ ಹನಿಸುವ ಫಿಪ್ರೊನಿಲ್ ಪೇಟೆಗೆ ಬಂತು, 2013-14ರ ಹೊತ್ತಿಗೆ ನುಂಗಿಸುವ ಮಾತ್ರೆ. ಮಾತ್ರೆ ರಕ್ತದಲ್ಲಿರುತ್ತದೆ, ಹಾಗಾಗಿ ಉಣ್ಣೆ ಕಚ್ಚಿದ ಮೇಲೇ ಸಾಯುತ್ತದೆ. ತುಂಗಭದ್ರೆಗೆ ಹಾರುವ ನಾಯಿಗೆ ಹನಿಗಿಂತ ಮಾತ್ರೆ ವಾಸಿ ಎಂಬುದು ನನ್ನ ಲೆಕ್ಕ; ನೀರಿಗೆ ತೊಳೆದುಹೋಗುವ ಭಯವಿಲ್ಲ. ಫಿಟ್ಸ್ ಬರುವ ನಾಯಿಯಾದರೆ ಪಶುವೈದ್ಯರಿಗೆ ಮೊದಲೇ ಹೇಳಬೇಕು. ಈ ಬಗೆಯ ಮಾತ್ರೆಗಳ ಬಗ್ಗೆ ಅಮೆರಿಕದ ಔಷಧ ಇಲಾಖೆ 2018ರಲ್ಲಿ ಎಚ್ಚರಿಕೆ ಕೊಟ್ಟಿದೆ. ಮನೆಯಲ್ಲಿ ಬೆಕ್ಕಿದ್ದರೆ ಪರ್ಮೆತ್ರಿನ್ ಇರುವ ಹನಿ ಬೇಡವೇ ಬೇಡ, ಬೆಕ್ಕಿಗೆ ಅದು ವಿಷ. ಗಂಗಾವತಿ ಸೀಮೆ ಭತ್ತದ ಸೀಮೆ, ಗದ್ದೆಗೆ ತಂದ ಕೀಟನಾಶಕದ ಡಬ್ಬಿ ಮನೆಮೂಲೆಯಲ್ಲೇ ಇರುತ್ತದೆ. ಅದನ್ನು ನೀರಿಗೆ ಬೆರೆಸಿ ನಾಯಿಗೆ ಸುರಿಯುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ನಾಯಿ ತನ್ನ ಮೈ ತಾನೇ ನೆಕ್ಕುತ್ತದೆ.

ಹಳೆಯ ವೈದ್ಯದಲ್ಲಿ ಇವತ್ತಿಗೂ ಉಳಿದಿರುವುದು ಬೆರಳು, ಜೊತೆಗೊಂದು ಚಿಮುಟ. ಚರ್ಮಕ್ಕೆ ತಾಗಿದಂತೆ ಹಿಡಿದು, ತಿರುಚದೆ ನೇರ ಎಳೆಯಬೇಕು. ಸೀಮೆಎಣ್ಣೆ, ಬೀಡಿಯ ಕಿಡಿ ಬೇಡ. ಉಗುರಿನಿಂದ ಹಿಸುಕುವುದೂ ಬೇಡ.