ಎ ಬಟನ್ ಬಲಕ್ಕೋ, ಕೆಳಕ್ಕೋ? ಗೇಮ್ ಕಂಟ್ರೋಲರ್ ಕೊಳ್ಳುವ ಮುನ್ನ

ಕಳೆದ ದೀಪಾವಳಿಗೆ ಮಂಗಸೂಳಿಗೆ ಹೋದಾಗ ಅಣ್ಣನ ಮಗನಿಗೆ ಒಂದು ಬ್ಲೂಟೂತ್ ಕಂಟ್ರೋಲರ್ ಒಯ್ದಿದ್ದೆ. ಡಬ್ಬಿ ಬಿಚ್ಚಿ ಐದು ನಿಮಿಷ ಆಗಿರಲಿಲ್ಲ, ವಾಪಸ್ ತಂದುಕೊಟ್ಟ. “ಕಾಕಾ, ನಾ ಆಡೋ ಗೇಮ್‌ದಾಗ ಇದು ನಡಿಯಾಂಗಿಲ್ಲ. ಬ್ಯಾರೆ ಆ್ಯಪ್ ಹಾಕಿ ನಡಿಸಿದ್ರ ಐಡಿ ಬ್ಯಾನ್ ಆಕ್ಕತಿ.” ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ. ಮಾಡಿದವನಿಗೆ ಒಂಬತ್ತನೇ ಕ್ಲಾಸಿನ ಹುಡುಗ ಪಾಠ ಹೇಳಿದ್ದ. ತಪ್ಪು ನಂದೇ. ಕೊಳ್ಳುವ ಮೊದಲು ಒಂದು ಮಾತು ಕೇಳಬೇಕಿತ್ತು.

ನನ್ನಂತೆ ಮಕ್ಕಳಿಗೋ ತಮ್ಮನಿಗೋ ಕಂಟ್ರೋಲರ್ ಕೊಡಿಸಲು ಹೊರಟವರಿಗಾಗಿ ಈ ಬರಹ. ಈ ಬಟನ್‌ಗಳು ಈಗಿರುವ ಜಾಗಕ್ಕೆ ಹೇಗೆ ಬಂದವು ಅನ್ನೋದು ಗೊತ್ತಿದ್ದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತೆ.

ನಮ್ಮ ಕಡೆ ನನ್ನ ವಯಸ್ಸಿನವರು ಮೊದಲು ಕೈಯಲ್ಲಿ ಹಿಡಿದದ್ದು ಜಾತ್ರೆಯಲ್ಲಿ ಸಿಗುತ್ತಿದ್ದ ಬ್ರಿಕ್ ಗೇಮ್. ಮಲ್ಲಯ್ಯನ ಜಾತ್ರೆ (ಗಡಿಯಾಚೆಯಿಂದ ಬರುವವರಿಗೆ ಖಂಡೋಬಾ) ಮುಗಿಸಿ ಬಂದ ಬೆರಳಿಗೆ ಭಂಡಾರ ಮೆತ್ತಿರುತ್ತಿತ್ತು, ಬಟನ್ನೂ ಹಳದಿ. ಆದರೂ ಆಟ ನಿಲ್ಲುತ್ತಿರಲಿಲ್ಲ. ಎಡಕ್ಕೆ ದಿಕ್ಕಿನ ಬಟನ್‌ಗಳು, ಬಲಕ್ಕೆ ಇಟ್ಟಿಗೆ ತಿರುಗಿಸುವ ದೊಡ್ಡ ಬಟನ್. ಎಡಗೈಗೆ ಚಲನೆ, ಬಲಗೈಗೆ ಕೆಲಸ ಎಂಬ ಈ ಹಂಚಿಕೆ ಗಟ್ಟಿಯಾದದ್ದು ಜಪಾನಿನ ನಿಂಟೆಂಡೊದಿಂದ. ಅಲ್ಲಿನ ಗುನ್‌ಪೇ ಯೊಕೊಯ್ 1982ರ ‘ಡಾಂಕಿ ಕಾಂಗ್’ ಗೇಮ್ ಆ್ಯಂಡ್ ವಾಚ್‌ಗೆ ಅಧಿಕ ಚಿಹ್ನೆಯಾಕಾರದ ಡಿ-ಪ್ಯಾಡ್ ಕೊಟ್ಟರು. ಮರುವರ್ಷ ಬಂದ ಫ್ಯಾಮಿಕಾಮ್ ಅದನ್ನೇ ಎಲ್ಲೆಡೆ ಹರಡಿತು. ತೊಂಬತ್ತರ ದಶಕದಲ್ಲಿ ನಮ್ಮೂರುಗಳ ಟಿವಿಗೆ ಸಿಕ್ಕಿಸುತ್ತಿದ್ದ ಕ್ಯಾಸೆಟ್ ಗೇಮ್‌ಗಳಲ್ಲಿ ಹೆಚ್ಚಿನವು ಫ್ಯಾಮಿಕಾಮ್‌ನ ನಕಲುಗಳೇ.

1990ರ ಸೂಪರ್ ಫ್ಯಾಮಿಕಾಮ್‌ನಲ್ಲಿ ಬಲಗಡೆ ನಾಲ್ಕು ಬಟನ್, ಹೆಗಲಿಗೆ ಎರಡು ಬಟನ್ ಬಂದವು. ಇವತ್ತಿನ ತಲೆನೋವು ಶುರುವಾದದ್ದೂ ಇಲ್ಲೇ. ನಿಂಟೆಂಡೊದಲ್ಲಿ ಎ ಬಲಕ್ಕೆ, ಬಿ ಕೆಳಕ್ಕೆ. ಸೆಗಾದ ಡ್ರೀಮ್‌ಕಾಸ್ಟ್ ಮತ್ತು 2001ರ ಎಕ್ಸ್‌ಬಾಕ್ಸ್‌ನಲ್ಲಿ ಎ ಕೆಳಕ್ಕೆ, ಬಿ ಬಲಕ್ಕೆ. ಎಕ್ಸ್, ವೈ ಕೂಡ ಹಾಗೇ ಅದಲುಬದಲು. ‘ಹೌದು’ ಅಂತ ಒತ್ತಿದರೆ ‘ಬೇಡ’ ಅಂತ ಆಗೋದು ಇದರಿಂದಲೇ.

ಸೋನಿಗೆ ಅಕ್ಷರದ ತಂಟೆಯೇ ಬೇಡವಾಯಿತು. 1994ರ ಪ್ಲೇಸ್ಟೇಷನ್‌ಗೆ ತೆಯು ಗೊಟೊ ತ್ರಿಕೋನ, ಚೌಕ, ವೃತ್ತ, ಗುಣಾಕಾರ ಚಿಹ್ನೆ ಇಟ್ಟರು. ವೃತ್ತ ಅಂದರೆ ಹೌದು, ಗುಣಾಕಾರ ಅಂದರೆ ಇಲ್ಲ ಅನ್ನೋದು ಅವರ ಲೆಕ್ಕ. ಜಪಾನಿನಲ್ಲಿ ಹಾಗೇ ನಡೆಯಿತು, ಪಶ್ಚಿಮದಲ್ಲಿ ಮಾತ್ರ ಗುಣಾಕಾರವೇ ‘ಹೌದು’ ಆಯಿತು. ಕೊನೆಗೆ 2020ರ ಪಿಎಸ್5ರಲ್ಲಿ ಜಪಾನಿನವರೂ ಗುಣಾಕಾರಕ್ಕೆ ಒಗ್ಗಿಕೊಳ್ಳಬೇಕಾಯಿತು. ಹೇಗೇ ಇರಲಿ, ಮನೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ಭಾಷೆ ಆಡುವ ನಮ್ಮ ಗಡಿ ಊರಿನ ಮಕ್ಕಳಿಗೆ ಚಿಹ್ನೆಯೇ ಸಲೀಸು ಅಂತ ನನ್ನ ಅನಿಸಿಕೆ.

ಇನ್ನು ಕೈಯಲ್ಲಿ ಹಿಡಿದು ಆಡುವ ಯಂತ್ರಗಳು. ನಿಂಟೆಂಡೊ ಸ್ವಿಚ್ (2017), ಸ್ಟೀಮ್ ಡೆಕ್ (2022) ಹೊರದೇಶದಲ್ಲಿ ಮನೆಮಾತು. ಆದರೆ ನಿಂಟೆಂಡೊ ಭಾರತದಲ್ಲಿ ಸ್ವಿಚ್ ಅನ್ನು ನೇರವಾಗಿ ಮಾರುತ್ತಿಲ್ಲ. ಆಮದು ಮಾಡಿದವರಿಂದ ಕೊಂಡರೆ ವಾರಂಟಿ ಯಾರನ್ನು ಕೇಳೋದು? ಹಾಗಾಗಿ ಕಾಗವಾಡ, ಅಥಣಿ ಕಡೆ ಹ್ಯಾಂಡ್‌ಹೆಲ್ಡ್ ಅಂದರೆ ಫೋನೇ.

ಫೋನಿನಲ್ಲಿ ಬಟನ್ ಇಲ್ಲ, ಗಾಜಿನ ಮೇಲೆ ಅದರ ಚಿತ್ರವಿದೆ. ಬಿಜಿಎಂಐನಂಥ ಆಟದಲ್ಲಿ ಅದನ್ನು ಎಲ್ಲಿ ಬೇಕಾದರೂ ಸರಿಸಬಹುದು. ಬರೀ ಎರಡು ಹೆಬ್ಬೆರಳಲ್ಲಿ ಆಡುವವರಿದ್ದಾರೆ, ತೋರುಬೆರಳನ್ನೂ ಮೇಲೆ ತಂದು ‘ಕ್ಲಾ’ ಹಿಡಿಯುವವರಿದ್ದಾರೆ, ಗೈರೋ ಹಾಕಿ ಫೋನನ್ನೇ ಓರೆ ಮಾಡಿ ಗುರಿ ಹಿಡಿಯುವವರೂ ಇದ್ದಾರೆ. ಹುಡುಗರು ಇದನ್ನೆಲ್ಲ ತಾವೇ ಹೊಂದಿಸಿಕೊಳ್ಳುತ್ತಾರೆ. ಅದನ್ನು ನಾವು ‘ಫೋನ್ ಹುಚ್ಚು’ ಅಂತೀವಿ, ಆದರೆ ಅದು ಒಳ್ಳೇ ಎಂಜಿನಿಯರಿಂಗ್ ಕೂಡ ಹೌದು.

ಆದರೆ ಗಾಜು ಎಲ್ಲರ ಕೈಗೂ ಒಗ್ಗೋದಿಲ್ಲ. ಟಚ್‌ಸ್ಕ್ರೀನಿನ ಕೆಳಗೆ ಕಣ್ಣಿಗೆ ಕಾಣದ ವಿದ್ಯುತ್ ಜಾಲರಿ ಇರುತ್ತದೆ. ಚರ್ಮದಲ್ಲಿ ತೇವ ಇರುವುದರಿಂದ ಬೆರಳು ತಾಗಿದ ಕಡೆ ಜಾಲರಿಯ ಕೆಪಾಸಿಟೆನ್ಸ್ ಬದಲಾಗುತ್ತದೆ, ಫೋನಿಗೆ ಗೊತ್ತಾಗುತ್ತದೆ. ಬೆವರಿನ ಹನಿ ಬಿದ್ದರೆ ಅದು ದಾರಿ ತಪ್ಪುತ್ತದೆ. ಬೆಳ್ಳಿ ಎಳೆಯ ಫಿಂಗರ್ ಸ್ಲೀವ್ ಮಾರಾಟವಾಗೋದು ಅದಕ್ಕೇ. ಅಣ್ಣನ ಸಮಸ್ಯೆ ಇದಕ್ಕೆ ಉಲ್ಟಾ. ಇಪ್ಪತ್ತು ವರ್ಷ ಕಬ್ಬಿನ ಕೆಲಸ ಮಾಡಿದ ಕೈ, ಬೆರಳ ತುದಿಯ ಚರ್ಮ ಒಣಗಿ ದಡ್ಡುಗಟ್ಟಿದೆ. ಎಷ್ಟೋ ಸಲ ಫೋನು ಅವನ ಬೆರಳನ್ನು ಗುರುತಿಸೋದೇ ಇಲ್ಲ. ಕರೆ ಎತ್ತಲೂ ನಾಲ್ಕು ಸಲ ಉಜ್ಜಬೇಕು. ಇಂಥವರಿಗೆ ‘ಫೋನ್ ಬಳಸೋಕೆ ಬರಲ್ಲ’ ಅನ್ನೋದು ಅನ್ಯಾಯ.

ಈಗ ಖರೀದಿಯ ಮಾತು. ಮೊದಲು ಆಟ ಯಾವುದು ಕೇಳಿ. ಬಿಜಿಎಂಐ ಫೋನಿನಲ್ಲಿ ಕಂಟ್ರೋಲರ್ ಒಪ್ಪುವುದಿಲ್ಲ, ಕಾಲ್ ಆಫ್ ಡ್ಯೂಟಿ ಮೊಬೈಲ್ ಒಪ್ಪುತ್ತದೆ. ಬಟನ್ ಮ್ಯಾಪ್ ಮಾಡುವ ಆ್ಯಪ್ ಹಾಕಿ ನುಸುಳಿಸಿದರೆ ಖಾತೆಗೇ ಕುತ್ತು. ಎರಡನೇದು, ಎ ಎಲ್ಲಿದೆ ನೋಡಿ. ಆಂಡ್ರಾಯ್ಡ್‌ಗಾದರೆ ಎಕ್ಸ್‌ಬಾಕ್ಸ್ ಜೋಡಣೆಯೇ ಸಲೀಸು. ಮೂರನೇದು ಸ್ಟಿಕ್. ಅಗ್ಗದವುಗಳಲ್ಲಿ ಕಾರ್ಬನ್ ಪಟ್ಟಿಯ ಮೇಲೆ ಲೋಹದ ನಾಲಿಗೆ ಉಜ್ಜುತ್ತಿರುತ್ತದೆ. ಅದು ಸವೆದಾಗ, ಧೂಳು ಸೇರಿದಾಗ ಕೈ ಬಿಟ್ಟರೂ ಆಟದ ಮನುಷ್ಯ ತಾನೇ ನಡೆಯತೊಡಗುತ್ತಾನೆ. ಇದಕ್ಕೆ ಡ್ರಿಫ್ಟ್ ಅಂತಾರೆ. ‘ಹಾಲ್ ಎಫೆಕ್ಟ್’ ಸ್ಟಿಕ್‌ನಲ್ಲಿ ಆಯಸ್ಕಾಂತದ ಸಂವೇದಕ ಇರುತ್ತದೆ, ಉಜ್ಜಾಟ ಇಲ್ಲ. ಹೊಸದೇನಲ್ಲ, 1998ರ ಡ್ರೀಮ್‌ಕಾಸ್ಟ್‌ನಲ್ಲೇ ಇತ್ತು. ನಮ್ಮ ಧೂಳಿಗೆ ನೂರಿನ್ನೂರು ಹೆಚ್ಚಾದರೂ ಅದೇ ಚಲೋ.

ನಾನು ಒಯ್ದ ಕಂಟ್ರೋಲರ್ ಈಗ ಅಣ್ಣನ ಹತ್ತಿರ ಇದೆ. ರಾತ್ರಿ ಊಟ ಆದಮೇಲೆ ಫೋನಿನಲ್ಲಿ ಕಾರ್ ರೇಸ್ ಆಡ್ತಾನಂತೆ. ಮೊನ್ನೆ ಫೋನ್ ಮಾಡಿದ್ದ. “ಬ್ರೇಕ್ ಎಡಕ್ಕ, ಎಕ್ಸಲೇಟರ್ ಬಲಕ್ಕ ಬಂದೈತಿ, ಟ್ರ್ಯಾಕ್ಟರ್‌ದಾಗೂ ಎರಡೂ ಬಲಗಾಲಿಗೇ ಅದಾವಲ್ಲೋ. ಇದನ್ನ ಬದಲ್ ಮಾಡಾಕ ಬರ್ತೈತೇನು?” ಸೆಟ್ಟಿಂಗ್ಸ್ ಎಲ್ಲಿದೆ ಅಂತ ಹೇಳಿಕೊಟ್ಟೆ.