ದೆಹಲಿಯ ನೀತಿ, ಹಿರೇಹಳ್ಳಿಯ ಊಟ

ಬೆಳೆಯುವವರೂ ಕೊಳ್ಳುವವರೂ ಒಬ್ಬರೇ

ತುಮಕೂರಿನಿಂದ ಬೆಂಗಳೂರಿನ ಕಡೆ ಹೊರಟರೆ ಹೆದ್ದಾರಿಯಲ್ಲೇ ಸಿಗುವ ಊರು ಹಿರೇಹಳ್ಳಿ. ಒಂದು ಮಗ್ಗುಲಲ್ಲಿ ಕೈಗಾರಿಕಾ ಪ್ರದೇಶ, ಇನ್ನೊಂದೆಡೆ ತೋಟಗಾರಿಕೆ ಸಂಶೋಧನಾ ಕೇಂದ್ರ, ಸುತ್ತ ರಾಗಿ ಹೊಲ, ತೆಂಗಿನ ತೋಟ. ಇಂಥ ಕಡೆ ರಾಗಿ ಮಾರುವ ಮನೆಯೇ ಅಕ್ಕಿ, ಬೇಳೆ, ಎಣ್ಣೆ ಕೊಳ್ಳುತ್ತದೆ. ಸರ್ಕಾರ ಬೆಲೆಗೆ ಕೈಹಾಕಿದಾಗಲೆಲ್ಲ ಲಾಭ, ನಷ್ಟ ಎರಡೂ ಒಂದೇ ಬಾಗಿಲಿಗೆ ಬರುತ್ತವೆ.

ರಾಗಿಯ ಬೆಂಬಲ ಬೆಲೆ

2017-18ರಲ್ಲಿ ಕ್ವಿಂಟಲ್ ರಾಗಿಗೆ ಬೆಂಬಲ ಬೆಲೆ 1,900 ರೂಪಾಯಿ ಇತ್ತು. ಮರುವರ್ಷ, ವೆಚ್ಚದ ಒಂದೂವರೆ ಪಟ್ಟು ಎಂಬ ಸೂತ್ರ ಬಂದಾಗ, ಅದು 2,897ಕ್ಕೆ ಜಿಗಿಯಿತು, 2025-26ಕ್ಕೆ 4,886. ಆದರೆ ಘೋಷಿಸಿದ ಬೆಲೆ ಕೈಗೆ ಬರಬೇಕಾದರೆ ಖರೀದಿ ಕೇಂದ್ರ ಹೊತ್ತಿಗೆ ಸರಿಯಾಗಿ ತೆರೆಯಬೇಕು. ಕೊಯ್ಲು ವರ್ಷದ ಕೊನೆಗೆ ಮುಗಿಯುತ್ತದೆ, ಖರೀದಿ ಹೊಸ ವರ್ಷಕ್ಕೆ ಜಾರುತ್ತದೆ. ಕೈಸಾಲ ತೀರಿಸಬೇಕಾದವರು ಕಾಯಲಾರದೆ ಕಣದಲ್ಲೇ ವ್ಯಾಪಾರಿಗೆ ಅಳೆದುಬಿಡುತ್ತಾರೆ. ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ರಾಗಿ ಕಾಪಿಡುತ್ತಿದ್ದ ಸೀಮೆಗೆ ಇದು ಸಣ್ಣ ಬದಲಾವಣೆಯಲ್ಲ.

ಪಡಿತರ

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯ ಸಿಗುತ್ತದೆ. 2023ರ ಜನವರಿಯಿಂದ ಅದು ಉಚಿತ. ಅದೇ ವರ್ಷ ರಾಜ್ಯ ಸರ್ಕಾರ ತನ್ನ ಅನ್ನಭಾಗ್ಯ ಯೋಜನೆಯಲ್ಲಿ ಇನ್ನೂ 5 ಕಿಲೋ ಕೊಡಲು ಹೊರಟಿತು. ಜೂನ್‌ನಲ್ಲಿ ಕೇಂದ್ರವು ಬೆಲೆ ಹತೋಟಿಯ ಕಾರಣ ಕೊಟ್ಟು, ಮುಕ್ತ ಮಾರುಕಟ್ಟೆ ಯೋಜನೆಯಲ್ಲಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿತು. ಹಾಗಾಗಿ ಅಕ್ಕಿಯ ಬದಲು ಕಿಲೋಗೆ 34ರಂತೆ ತಲೆಗೆ 170 ರೂಪಾಯಿ ಖಾತೆಗೆ ಬಂತು. ನಾಲ್ವರ ಮನೆಗೆ 680 ರೂಪಾಯಿ. ಅಂಗಡಿಯಲ್ಲಿ ಅಕ್ಕಿ ಕಿಲೋಗೆ 50 ಇದ್ದರೆ, 20 ಕಿಲೋ ಬರಬೇಕಾದ ಚೀಲಕ್ಕೆ 14 ಕಿಲೋ ಕೂಡ ತುಂಬದು. ದುಡ್ಡು ಕೊಟ್ಟರೆ ಅಕ್ಕಿ ಕೊಟ್ಟಂತೆಯೇ ಎಂಬ ವಾದ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಹಣ ನಿಂತು ಮತ್ತೆ ಅಕ್ಕಿ ಬಂದದ್ದು 2025ರಲ್ಲಿ.

ಅಡುಗೆ ಎಣ್ಣೆ

2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಯ ಮೂಲ ಆಮದು ಸುಂಕ ಸೊನ್ನೆಯಿಂದ ಶೇ 20ಕ್ಕೆ ಏರಿತು. 2025ರ ಮೇ ಕೊನೆಗೆ ಶೇ 10ಕ್ಕೆ ಇಳಿಯಿತು. ಸುಂಕ ಏರಿದರೆ ಪಾವಗಡದ ಶೇಂಗಾ ಬೆಳೆಗಾರರಿಗೆ ಒಂದಿಷ್ಟು ಆಸರೆ, ಹಿರೇಹಳ್ಳಿಯ ಕಾರ್ಖಾನೆ ಕೂಲಿಯವರಿಗೆ ಎಣ್ಣೆ ಪ್ಯಾಕೆಟ್ ದುಬಾರಿ.

ರಾಗಿ ಮಾರುವ ಮುನ್ನ

ಬೆಂಬಲ ಬೆಲೆಗೆ ಮಾರಲು ರೈತರಿಗೆ ಫ್ರೂಟ್ಸ್ ಎಂಬ ರೈತ ನೋಂದಣಿ ವ್ಯವಸ್ಥೆಯ ಗುರುತಿನ ಸಂಖ್ಯೆ ಬೇಕು. ಜಮೀನಿನ ಎಲ್ಲ ಸರ್ವೆ ನಂಬರ್ ಅದರಲ್ಲಿ ಸೇರಿವೆಯೇ, ಬೆಳೆ ಸಮೀಕ್ಷೆಯಲ್ಲಿ ರಾಗಿ ಎಂದೇ ದಾಖಲಾಗಿದೆಯೇ ಎಂಬುದನ್ನು ನೋಂದಣಿ ಶುರುವಾಗುವ ಮೊದಲೇ ನೋಡಿಕೊಳ್ಳಿ.