ಕಟ್ಟಳೆ ಮತ್ತು ಕುರ್ಚಿ

1906ನೇ ಇಸವಿ ಏಪ್ರಿಲ್ 18, ಬುಧವಾರ. ಬೆಳಗಿನ ಜಾವ 5 ಗಂಟೆ 12 ನಿಮಿಷಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ನಗರದ ನೆಲ ನಡುಗಿತು. ಒಂದೇ ನಿಮಿಷದೊಳಗೆ ಗೋಡೆಗಳು ಕುಸಿದವು, ನೀರಿನ ಕೊಳವೆಗಳು ಒಡೆದವು, ಅಡುಗೆಮನೆಯ ಒಲೆಗಳಿಂದಲೂ ಗ್ಯಾಸಿನ ಕೊಳವೆಗಳಿಂದಲೂ ಬೆಂಕಿ ಎದ್ದಿತು. ಆರಿಸೋಣವೆಂದರೆ ನೀರಿಲ್ಲ. ಹಗಲು ರಾತ್ರಿಯೆನ್ನದೆ ದಿನಗಟ್ಟಲೆ ಉರಿದ ಆ ಬೆಂಕಿಗೆ 28,000ಕ್ಕೂ ಹೆಚ್ಚು ಕಟ್ಟಡಗಳು ಆಹುತಿಯಾದವು. ಸುಮಾರು ನಾಲ್ಕು ಲಕ್ಷ ಜನರಿದ್ದ ಊರಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸೂರು ಕಳೆದುಕೊಂಡರು. ಸತ್ತವರು 3,000ದಷ್ಟು ಎಂದು ಈಗಿನ ಇತಿಹಾಸಕಾರರು ಅಂದಾಜು ಮಾಡಿದ್ದಾರೆ.

ಆ ದಿನವೇ ಮೇಯರ್ ಯೂಜೀನ್ ಸ್ಮಿಟ್ಜ್‌ನ ಹೆಸರಿನಲ್ಲಿ ಒಂದು ಘೋಷಣೆ ಅಚ್ಚಾಗಿ ಬೀದಿಬೀದಿಗೆ ಹಂಚಿಕೆಯಾಯಿತು. ಕೊಳ್ಳೆ ಹೊಡೆಯುವವರನ್ನಾಗಲಿ, ಬೇರೆ ಯಾವುದೇ ಅಪರಾಧದಲ್ಲಿ ತೊಡಗಿದವರನ್ನಾಗಲಿ ಕಂಡಲ್ಲಿ ಕೊಲ್ಲಲು ಸೈನಿಕರಿಗೂ ಪೊಲೀಸರಿಗೂ ಅಧಿಕಾರ ಕೊಡಲಾಗಿದೆ ಎಂಬುದು ಅದರ ಸಾರಾಂಶ. ಹಾಗೆ ಆಜ್ಞಾಪಿಸಲು ಯಾವ ಕಾನೂನೂ ಮೇಯರನಿಗೆ ಅವಕಾಶ ಕೊಟ್ಟಿರಲಿಲ್ಲ. ಸೇನಾಡಳಿತವನ್ನೂ ಯಾರೂ ಘೋಷಿಸಿರಲಿಲ್ಲ. ಆದರೂ ಆಜ್ಞೆ ಜಾರಿಯಾಯಿತು. ಬಂದೂಕಿಗೆ ಸಿಕ್ಕಿ ಜನ ಸತ್ತರು. ಕದ್ದವನಿಗೆ ವಿಚಾರಣೆಯಿಲ್ಲದೆ ಮರಣದಂಡನೆ ಎಂದು ಸಾರಿದ ಆ ಮೇಯರನೇ ಕೆಲವು ತಿಂಗಳಲ್ಲಿ ಸುಲಿಗೆಯ ಆರೋಪಿಯಾಗಿ ನ್ಯಾಯಾಲಯದ ಎದುರು ನಿಂತ. ಆಳುವವನು ತಾನೇ ಸಾರಿದ ಕಟ್ಟಳೆಯನ್ನು ಮುರಿದರೆ ಅವನ ಕುರ್ಚಿಯ ಗತಿ ಏನಾಗಬೇಕು ಎಂಬ ಪ್ರಶ್ನೆಗೆ ಕ್ಯಾಲಿಫೋರ್ನಿಯ ಮುಂದೆ ತನ್ನ ಸಂವಿಧಾನದಲ್ಲಿ ಬರೆದುಕೊಂಡ ಉತ್ತರದ ಬೇರು ಈ ಕಥೆಯಲ್ಲಿದೆ.

ಸ್ಮಿಟ್ಜ್ ಹುಟ್ಟಾ ಅಧಿಕಾರಸ್ಥನಲ್ಲ. ಪಿಟೀಲು ವಾದಕ, ನಾಟಕಶಾಲೆಯ ವಾದ್ಯವೃಂದದ ನಿರ್ದೇಶಕ, ಸಂಗೀತಗಾರರ ಕಾರ್ಮಿಕ ಸಂಘದ ಮುಂದಾಳು. ಎತ್ತರದ ನಿಲುವು, ಕಪ್ಪು ಗಡ್ಡ, ಜನರನ್ನು ಒಲಿಸಿಕೊಳ್ಳುವ ಮಾತು. 1901ರಲ್ಲಿ ಬಂದರಿನ ಕೂಲಿಗಳೂ ಗಾಡಿ ಹೊಡೆಯುವವರೂ ಮುಷ್ಕರ ಹೂಡಿದಾಗ ಅಂದಿನ ನಗರಾಡಳಿತ ಪೊಲೀಸರನ್ನು ಮಾಲೀಕರ ಬೆನ್ನಿಗೆ ನಿಲ್ಲಿಸಿತು. ಆ ಸಿಟ್ಟಿನಿಂದ ಯೂನಿಯನ್ ಲೇಬರ್ ಪಕ್ಷ ಹುಟ್ಟಿತು. ಬಡವರ ಪಾಲಿನ ಆಳ್ವಿಕೆ ಕೊಡುತ್ತೇನೆಂದು ಹೇಳಿ ಸ್ಮಿಟ್ಜ್ ಅದೇ ವರ್ಷದ ಚುನಾವಣೆಯಲ್ಲಿ ಗೆದ್ದ. 1903ರಲ್ಲಿ, 1905ರಲ್ಲಿ ಮತ್ತೆ ಗೆದ್ದ. ಅವನ ಹಿಂದೆ ಇದ್ದವನು ಏಬ್ ರೂಫ್ ಎಂಬ ವಕೀಲ. ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಭಾಷೆಗಳನ್ನು ಓದಿದ ಪ್ರತಿಭಾವಂತ. ಯಾವ ಹುದ್ದೆಯೂ ಇಲ್ಲದೆ ಇಡೀ ನಗರವನ್ನು ತನ್ನ ಕಚೇರಿಯಿಂದಲೇ ಆಳಿದ.

ಅವರಿಬ್ಬರ ದಂಧೆಯ ರೀತಿಯನ್ನು ಫ್ರೆಂಚ್ ಹೋಟೆಲುಗಳ ಪ್ರಕರಣ ಬಿಚ್ಚಿ ತೋರಿಸಿತು. ಪೂಡಲ್ ಡಾಗ್, ಮಾರ್ಶಾನ್, ಡೆಲ್ಮೋನಿಕೋ ಮುಂತಾದ ಹೆಸರಾಂತ ಊಟದ ಮನೆಗಳು ನಗರದಲ್ಲಿದ್ದವು. ಕೆಳಗಿನ ಅಂತಸ್ತಿನಲ್ಲಿ ಸಂಸಾರಸ್ಥರು ಕೂತು ಉಣ್ಣುವ ಭೋಜನಶಾಲೆ. ಮೇಲಿನ ಅಂತಸ್ತುಗಳಲ್ಲಿ ಗುಟ್ಟಿನ ಭೇಟಿಗಳಿಗೆ ಖಾಸಗಿ ಕೋಣೆಗಳು. ಅವು ಬಾಳುತ್ತಿದ್ದುದು ಮದ್ಯದ ಲೈಸೆನ್ಸಿನ ಮೇಲೆ. ಇದ್ದಕ್ಕಿದ್ದಂತೆ ಪೊಲೀಸ್ ಆಯೋಗ ನೀತಿಯ ಮಾತೆತ್ತಿ ಲೈಸೆನ್ಸ್ ನವೀಕರಣವನ್ನು ತಡೆಹಿಡಿಯಿತು. ದಿಕ್ಕು ತೋಚದ ಮಾಲೀಕರು ರೂಫ್‌ನನ್ನು ವರ್ಷಕ್ಕೆ 5,000 ಡಾಲರ್ ಕೊಟ್ಟು ವಕೀಲನನ್ನಾಗಿ ಇಟ್ಟುಕೊಂಡರು. ಮೇಯರ್ ಮಧ್ಯೆ ಬಂದ, ಲೈಸೆನ್ಸ್ ಮರಳಿತು. ಆ ಹಣದಲ್ಲಿ ಅರ್ಧ ಮೇಯರನಿಗೆ ಮುಟ್ಟಿತೆಂದು ರೂಫ್ ಮುಂದೆ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದ. ಊರಿನ ನಡತೆ ಕಾಯಬೇಕಾದ ಆಜ್ಞೆಯೇ ಸುಲಿಗೆಯ ಸಾಧನವಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಿತು.

ಇದರ ವಿರುದ್ಧ ಮೊದಲು ದನಿಯೆತ್ತಿದವನು ಬುಲೆಟಿನ್ ಪತ್ರಿಕೆಯ ಸಂಪಾದಕ ಫ್ರೀಮಾಂಟ್ ಓಲ್ಡರ್. ನಾವು ಬಾಳುತ್ತಿರುವ ಫ್ರೀಮಾಂಟ್ ಊರಿಗೂ ಅವನಿಗೂ ಹೆಸರು ಬಂದ ಮೂಲ ಒಂದೇ: ಜಾನ್ ಫ್ರೀಮಾಂಟ್ ಎಂಬ ಸೇನಾಧಿಕಾರಿ, ಭೂಶೋಧಕ. ನೈಲ್ಸ್, ಸೆಂಟರ್‌ವಿಲ್, ಅರ್ವಿಂಗ್ಟನ್, ಮಿಷನ್ ಸ್ಯಾನ್ ಹೋಸೆ, ವಾರ್ಮ್ ಸ್ಪ್ರಿಂಗ್ಸ್ ಎಂಬ ಐದು ಊರುಗಳು 1956ರ ಜನವರಿಯಲ್ಲಿ ಒಂದಾಗಿ ಆ ಹೆಸರನ್ನು ಇಟ್ಟುಕೊಂಡವು. ಆ ಫ್ರೀಮಾಂಟನ ಬಾಳಿನಲ್ಲೂ ಒಂದು ರಾಜೀನಾಮೆಯಿದೆ. 1847ರಲ್ಲಿ ಕ್ಯಾಲಿಫೋರ್ನಿಯದ ಗವರ್ನರನಾಗಿ ಕೂತವನು ತನ್ನ ಮೇಲಧಿಕಾರಿ ಜನರಲ್ ಕರ್ನಿಯ ಆಜ್ಞೆಗೆ ಬಗ್ಗಲಿಲ್ಲ. ಸೇನಾ ನ್ಯಾಯಾಲಯ 1848ರ ಜನವರಿಯಲ್ಲಿ ಅವನನ್ನು ತಪ್ಪಿತಸ್ಥನೆಂದು ತೀರ್ಪಿತ್ತಿತು. ಅಧ್ಯಕ್ಷ ಪೋಕ್ ದಂಗೆಯ ಆರೋಪವನ್ನು ಒಪ್ಪದೆ, ಅವಿಧೇಯತೆಯ ಆರೋಪವನ್ನು ಎತ್ತಿಹಿಡಿದು, ಶಿಕ್ಷೆಯನ್ನು ಮನ್ನಾ ಮಾಡಿ ಸೇನೆಗೆ ಮರಳೆಂದ. ಕ್ಷಮೆಯ ನೆರಳಿನಲ್ಲಿ ಹುದ್ದೆ ಹಿಡಿದಿರಲು ಫ್ರೀಮಾಂಟ್ ಒಪ್ಪದೆ ರಾಜೀನಾಮೆ ಬರೆದುಕೊಟ್ಟ. ಎರಡೇ ವರ್ಷದಲ್ಲಿ ಅದೇ ರಾಜ್ಯ ಅವನನ್ನು ತನ್ನ ಮೊದಲ ಸೆನೆಟರುಗಳಲ್ಲಿ ಒಬ್ಬನನ್ನಾಗಿ ಆರಿಸಿತು.

ಸಂಪಾದಕ ಓಲ್ಡರ್ ರಾಜಧಾನಿ ವಾಷಿಂಗ್ಟನ್ನಿಗೆ ಹೋಗಿ ಫ್ರಾನ್ಸಿಸ್ ಹೆನಿ ಎಂಬ ದಿಟ್ಟ ಸರ್ಕಾರಿ ವಕೀಲನ ನೆರವು ಕೇಳಿದ. ಸಕ್ಕರೆ ವ್ಯಾಪಾರದ ಸಿರಿವಂತ ಮನೆತನದ ರುಡಾಲ್ಫ್ ಸ್ಪ್ರೆಕಲ್ಸ್ ಖರ್ಚಿಗೆ ಹಣ ಒದಗಿಸುವುದಾಗಿ ಮುಂದೆ ಬಂದ. ವಿಲಿಯಂ ಬರ್ನ್ಸ್ ಪತ್ತೇದಾರಿಗೆ ನಿಂತ. ಭೂಕಂಪದ ಬೂದಿ ಇನ್ನೂ ಆರುವ ಮೊದಲೇ, 1906ರ ಅಕ್ಟೋಬರಿನಲ್ಲಿ, ತನಿಖೆ ಬಹಿರಂಗವಾಯಿತು. ಆಗ ಮೇಯರ್ ಯೂರೋಪಿನ ಪ್ರವಾಸದಲ್ಲಿದ್ದ. ಅವನ ಸ್ಥಾನದಲ್ಲಿ ಕೂತಿದ್ದ ಹಂಗಾಮಿ ಮೇಯರ್ ಗ್ಯಾಲಹರ್ ಜಿಲ್ಲಾ ಸರ್ಕಾರಿ ವಕೀಲನನ್ನೇ ಅಮಾನತು ಮಾಡಿ, ಆ ಜಾಗಕ್ಕೆ ಆರೋಪಕ್ಕೆ ಗುರಿಯಾಗಿದ್ದ ರೂಫ್‌ನನ್ನು ನೇಮಿಸಿದ! ನ್ಯಾಯಾಧೀಶರು ತಡೆಯಾಜ್ಞೆ ಕೊಡದಿದ್ದರೆ ಕಳ್ಳನೇ ತನ್ನ ಕಳವಿನ ವಿಚಾರಣೆ ನಡೆಸುತ್ತಿದ್ದ.

ನ್ಯಾಯಾಲಯಗಳ ಕಟ್ಟಡಗಳು ಹಾಳಾಗಿದ್ದುದರಿಂದ ವಿಚಾರಣೆ ನಡೆದದ್ದು ಷೆರಿತ್ ಇಸ್ರೇಲ್ ಎಂಬ ಯಹೂದಿ ಪ್ರಾರ್ಥನಾ ಮಂದಿರದಲ್ಲಿ. ನಡುಕವನ್ನು ತಾಳಿ ನಿಂತಿದ್ದ ಅದರ ದೊಡ್ಡ ಗುಮ್ಮಟದಡಿಯಲ್ಲಿ ನಗರದ ಪಾಪಗಳು ಒಂದೊಂದಾಗಿ ಹೊರಬಂದವು. ಗ್ಯಾಸ್ ಕಂಪನಿ, ಟೆಲಿಫೋನ್ ಕಂಪನಿ, ಟ್ರಾಲಿ ಕಂಪನಿಗಳಿಂದ ಲಂಚ ತಿಂದೆವೆಂದು ನಗರ ಮಂಡಳಿಯ ಬಹುತೇಕ ಸದಸ್ಯರು ತಾವೇ ಒಪ್ಪಿಕೊಂಡರು. ರೂಫ್ 1907ರ ಮೇ ತಿಂಗಳಲ್ಲಿ ತಪ್ಪೊಪ್ಪಿಕೊಂಡ. ಜೂನ್ 13ರಂದು ಸ್ಮಿಟ್ಜ್ ಸುಲಿಗೆಯ ಅಪರಾಧಿಯೆಂದು ಪಂಚರು ತೀರ್ಪು ಕೊಟ್ಟರು. ಜುಲೈ 8ರಂದು ಐದು ವರ್ಷದ ಸೆರೆವಾಸ ವಿಧಿಸಲಾಯಿತು.

ಅಷ್ಟಾದರೂ ಸ್ಮಿಟ್ಜ್ ರಾಜೀನಾಮೆ ಕೊಡಲಿಲ್ಲ. ಜಿಲ್ಲಾ ಜೈಲಿನಲ್ಲಿ ಕೂತೇ ತಾನಿನ್ನೂ ಮೇಯರ್ ಎಂದು ಸಾಧಿಸಿದ. ಕುರ್ಚಿ ತೆರವಾಗಿದೆಯೆಂದು ನಗರ ಮಂಡಳಿ ಘೋಷಿಸಬೇಕಾಯಿತು. ಘೋಷಿಸಿದ ಕೈಗಳೂ ಲಂಚದ ಕೈಗಳೇ! ಕೊನೆಗೆ ವೈದ್ಯನೂ ವಕೀಲನೂ ಕವಿಯೂ ಆಗಿದ್ದ ವೃದ್ಧ ಎಡ್ವರ್ಡ್ ರಾಬ್ಸನ್ ಟೇಲರ್ ಮೇಯರನಾಗಿ ಬಂದ ಮೇಲೆ ಊರು ಉಸಿರುಬಿಟ್ಟಿತು. 1908ರ ಆರಂಭದಲ್ಲಿ ಮೇಲಿನ ನ್ಯಾಯಾಲಯ ಸ್ಮಿಟ್ಜ್‌ನ ಶಿಕ್ಷೆಯನ್ನು ರದ್ದುಮಾಡಿತು. ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯುವಾಗ, ಸ್ಮಿಟ್ಜ್ ನಗರದ ಮೇಯರ್ ಎಂಬ ಸಂಗತಿಯನ್ನೇ ಆರೋಪಪಟ್ಟಿ ಹೇಳಿಲ್ಲ ಎಂಬ ಕೊರತೆಯನ್ನೂ ಎತ್ತಿ ತೋರಿಸಿತು. ಇಡೀ ಊರಿಗೆ ಗೊತ್ತಿದ್ದ ಸಂಗತಿ ಕಾಗದದಲ್ಲಿ ಇರಲಿಲ್ಲ. ಅವನು ಬಿಡುಗಡೆಯಾಗಿ ಮನೆಗೆ ಹೋದ.

ಆ ದಿನಗಳಲ್ಲಿ ಜನ ಕಲಿತ ಪಾಠ ದೊಡ್ಡದು. ಕಾನೂನಿನ ತಪ್ಪಿತಸ್ಥತನ ಒಂದು, ಅಧಿಕಾರಕ್ಕೆ ಅರ್ಹತೆ ಇನ್ನೊಂದು. ಸೆರೆಮನೆಗೆ ಕಳಿಸಲು ಸಾಲದ ಸಾಕ್ಷ್ಯವೂ ಕುರ್ಚಿ ಕಳೆದುಕೊಳ್ಳಲು ಸಾಕಾಗಬಹುದು. ಆ ಎರಡನೆಯ ತೀರ್ಪನ್ನು ಯಾರು ಕೊಡಬೇಕು? ನಾಯಕನ ಮನಸ್ಸಾಕ್ಷಿಗೆ ಬಿಟ್ಟರೆ ಸ್ಮಿಟ್ಜ್‌ನಂಥವರು ಜೈಲಿನಿಂದಲೂ ಆಳಲು ಹೊರಡುತ್ತಾರೆ.

1908ರ ನವೆಂಬರ್ 13ರಂದು ತುಂಬಿದ ನ್ಯಾಯಾಲಯದಲ್ಲೇ ಹೆನಿಯ ಮೇಲೆ ಗುಂಡು ಹಾರಿತು. ಅವನು ಬದುಕಿ ಉಳಿದರೂ ಮೊಕದ್ದಮೆ ನಡೆಸುವ ಸ್ಥಿತಿಯಲ್ಲಿರಲಿಲ್ಲ. ಆಗ ಹೊಣೆ ಹೊತ್ತವರಲ್ಲಿ ಒಬ್ಬ ಹೈರಮ್ ಜಾನ್ಸನ್. ಒಂದೇ ತಿಂಗಳಲ್ಲಿ ಲಂಚದ ಪ್ರಕರಣದಲ್ಲಿ ರೂಫ್ ಅಪರಾಧಿಯೆಂದು ತೀರ್ಪಾಯಿತು. ಆ ಕೀರ್ತಿಯ ಬೆನ್ನೇರಿ ಜಾನ್ಸನ್ 1910ರಲ್ಲಿ ಗವರ್ನರನಾಗಿ ಆಯ್ಕೆಯಾದ. 1911ರ ಅಕ್ಟೋಬರ್ 10ರಂದು ಕ್ಯಾಲಿಫೋರ್ನಿಯದ ಮತದಾರರು ಸಂವಿಧಾನಕ್ಕೆ ಹಲವು ತಿದ್ದುಪಡಿಗಳನ್ನು ಒಪ್ಪಿದರು. ಹೆಂಗಸರಿಗೆ ಮತದ ಹಕ್ಕು ಬಂದದ್ದು ಅಂದೇ; ಚುನಾಯಿತರನ್ನು ಅವಧಿಗೆ ಮುನ್ನವೇ ಮರಳಿ ಕರೆಯುವ ಹಕ್ಕು ಜನರಿಗೆ ಬಂದದ್ದೂ ಅಂದೇ. ಹಿಂದಿನ ಗವರ್ನರ್ ಚುನಾವಣೆಯಲ್ಲಿ ಬಿದ್ದ ಮತಗಳ ನೂರಕ್ಕೆ 12ರಷ್ಟು ಸಹಿಗಳನ್ನು ಕೂಡಿಸಿದರೆ ಗವರ್ನರನ ಕುರ್ಚಿ ಜನರ ಮುಂದೆ ಬರಲೇಬೇಕು. ರಾಜೀನಾಮೆ ಕೊಡದವನಿಗೂ ಒಂದು ಬಾಗಿಲು ತೆರೆಯಿತು; ಅದರ ಕೀಲಿ ಮತದಾರನ ಕೈಗೆ ಬಂತು. 2003ರಲ್ಲಿ ಗವರ್ನರ್ ಗ್ರೇ ಡೇವಿಸ್ ಅವರನ್ನು ಜನ ಆ ಬಾಗಿಲಿನಿಂದಲೇ ಹೊರಕ್ಕೆ ಕಳಿಸಿದರು.

ಭೂಕಂಪವಾಗಿ 114 ವರ್ಷಗಳ ಮೇಲೆ ಕೋವಿಡ್ ಸಾಂಕ್ರಾಮಿಕವೆಂಬ ಇನ್ನೊಂದು ವಿಪತ್ತು ಬಂತು. 2020ರ ಮಾರ್ಚಿನಲ್ಲಿ ನಮ್ಮ ಅಲಮೇಡಾ ಸೇರಿದಂತೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲಿನ ಆರು ಕೌಂಟಿಗಳು ದೇಶದಲ್ಲೇ ಮೊದಲಾಗಿ ಜನರನ್ನು ಮನೆಯೊಳಗೆ ಇರಿಸಿದವು. ಮಾರ್ಚ್ 19ರಂದು ಗವರ್ನರ್ ಗ್ಯಾವಿನ್ ನ್ಯೂಸಮ್ ಇಡೀ ರಾಜ್ಯಕ್ಕೆ ಅದೇ ಆಜ್ಞೆ ಹೊರಡಿಸಿದರು. ಒಂದು ಕಾಲಕ್ಕೆ ಸ್ಮಿಟ್ಜ್ ಕೂತಿದ್ದ ಮೇಯರ್ ಕುರ್ಚಿಯಲ್ಲೇ ಕೂತು ಬೆಳೆದ ನಾಯಕರು ಅವರು. ಆ ಆಜ್ಞೆ ವಿವೇಕದ್ದೇ ಆಗಿತ್ತು, ಜನ ಪಾಲಿಸಿದರು. ಫ್ರೀಮಾಂಟಿನ ಕನ್ನಡದ ಮನೆಗಳಲ್ಲಿ ಯುಗಾದಿಯೂ ಗಣೇಶನ ಹಬ್ಬವೂ ಪರದೆಯ ಮೇಲೆ ನಡೆದವು. ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಹೆತ್ತವರು ತೀರಿಕೊಂಡಾಗ ವಿಮಾನವಿಲ್ಲದೆ, ಚಿತೆಗೆ ಬೆಂಕಿಯಿಡುವುದನ್ನು ಫೋನಿನಲ್ಲಿ ನೋಡಿ, ಇಲ್ಲಿಯೇ ತಲೆಗೆ ನೀರು ಹೊಯ್ದುಕೊಂಡ ಮಕ್ಕಳಿದ್ದಾರೆ.

ಹಾಗಿರುವಾಗ 2020ರ ನವೆಂಬರ್ 6ರ ರಾತ್ರಿ ನಾಪಾ ಕಣಿವೆಯ ಯೌಂಟ್‌ವಿಲ್ಲಿನಲ್ಲಿ ಫ್ರೆಂಚ್ ಲಾಂಡ್ರಿ ಎಂಬ ದುಬಾರಿ ಹೋಟೆಲಿನಲ್ಲಿ ರಾಜಕೀಯ ಸಲಹೆಗಾರರೊಬ್ಬರ ಹುಟ್ಟುಹಬ್ಬದ ಔತಣಕ್ಕೆ ಗವರ್ನರರು ಪತ್ನಿಸಮೇತ ಹೋದರು. ಮೂರಕ್ಕಿಂತ ಹೆಚ್ಚು ಮನೆಗಳವರು ಒಂದೆಡೆ ಕೂಡಬೇಡಿರೆಂದು ರಾಜ್ಯವೇ ಜನರಿಗೆ ಹೇಳುತ್ತಿದ್ದ ಸಮಯ ಅದು. ಮೇಜಿನ ಸುತ್ತ ಹನ್ನೆರಡು ಮಂದಿಯಾದರೂ ಇದ್ದರು. ಒಂದು ವಾರದಲ್ಲಿ ಸುದ್ದಿ ಹೊರಬಿತ್ತು. ಮಾಸ್ಕಿಲ್ಲದೆ ಒತ್ತಾಗಿ ಕೂತಿದ್ದ ಚಿತ್ರಗಳೂ ಬಂದವು. ಹೋಟೆಲುಗಳಿಗೆ ನಿಯಮ ಬೇರೆ ಎಂಬ ಸಮಜಾಯಿಷಿಯೂ ಕೇಳಿಬಂತು. ಗವರ್ನರರು, ತಾವು ಸಾರುತ್ತಿದ್ದುದಕ್ಕೆ ತಮ್ಮ ನಡತೆಯೇ ವಿರುದ್ಧವಾಯಿತೆಂದು ಒಪ್ಪಿ ಕ್ಷಮೆ ಕೇಳಿದರು. ಕುರ್ಚಿ ಬಿಡುವ ಮಾತು ಅದರಲ್ಲಿರಲಿಲ್ಲ.

ಅದೇ ನವೆಂಬರ್ 6ರಂದೇ ಸ್ಯಾಕ್ರಮೆಂಟೊದ ನ್ಯಾಯಾಧೀಶರೊಬ್ಬರು, ಗವರ್ನರರನ್ನು ಮರಳಿ ಕರೆಯಲು ಆ ಮೊದಲೇ ಆರಂಭವಾಗಿದ್ದ ಸಹಿ ಸಂಗ್ರಹಕ್ಕೆ ಸಾಂಕ್ರಾಮಿಕದ ಕಾರಣಕ್ಕಾಗಿ 2021ರ ಮಾರ್ಚ್ 17ರವರೆಗೆ ಗಡುವು ವಿಸ್ತರಿಸಿದ್ದರು. ಸೊರಗಿದ್ದ ಆ ಚಳವಳಿಗೆ ಔತಣದ ಸುದ್ದಿ ಜೀವ ತುಂಬಿತು. ಬೇಕಾಗಿದ್ದ ಸಹಿ 14,95,709. ಸಿಂಧುವಾದವು 17 ಲಕ್ಷಕ್ಕೂ ಹೆಚ್ಚು. 2021ರ ಸೆಪ್ಟೆಂಬರ್ 14ರಂದು ರಾಜ್ಯ ಮತ ಹಾಕಿತು. ನೂರಕ್ಕೆ ಸುಮಾರು 62 ಮಂದಿ ಅವರನ್ನು ಉಳಿಸಿಕೊಂಡರು. ತಪ್ಪು ನಡೆದದ್ದೂ ನಿಜ, ಜನ ಅದನ್ನು ತೂಗಿ ನೋಡಿ ಕುರ್ಚಿ ಉಳಿಸಿಕೊಟ್ಟದ್ದೂ ನಿಜ. ಆ ತೀರ್ಪಿನ ಮೇಲೆ ಯಾರೂ ಬೆರಳು ತೋರುವಂತಿಲ್ಲ. ಏಕೆಂದರೆ ಅದು ಕೊಡಬೇಕಾದವರೇ ಕೊಟ್ಟ ತೀರ್ಪು.

ನಮ್ಮ ಕನ್ನಡ ನಾಡಿನ ನೆನಪೂ ಈ ಪ್ರಶ್ನೆಯಿಂದ ದೂರವಿಲ್ಲ. 1983ರ ಜನವರಿಯಲ್ಲಿ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆಯವರು ಮೌಲ್ಯಾಧಾರಿತ ರಾಜಕಾರಣವೆಂಬ ಕಟ್ಟಳೆಯನ್ನು ತಮಗೆ ತಾವೇ ಹಾಕಿಕೊಂಡವರು. 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ ರಾಜ್ಯದ 28 ಸ್ಥಾನಗಳಲ್ಲಿ 4 ಮಾತ್ರ ಸಿಕ್ಕಾಗ, ರಾಜ್ಯವಾಳುವ ನೈತಿಕ ಹಕ್ಕು ತಮಗೆ ಉಳಿದಿಲ್ಲವೆಂದು ರಾಜೀನಾಮೆಯಿತ್ತು ಜನರ ಬಳಿಗೆ ಹೋದರು. ಯಾವ ಕಾನೂನೂ ಕೇಳದ ತ್ಯಾಗ ಅದು. 1985ರ ಮಾರ್ಚಿನಲ್ಲಿ ಜನ 139 ಸ್ಥಾನ ಕೊಟ್ಟು ಮರಳಿ ಕೂರಿಸಿದರು. 1986ರ ಫೆಬ್ರುವರಿಯಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆಗಳ ವಿಷಯದಲ್ಲಿ ಹೈಕೋರ್ಟು ಸರ್ಕಾರವನ್ನು ಟೀಕಿಸಿದಾಗ ಮತ್ತೆ ರಾಜೀನಾಮೆ ಕೊಟ್ಟರು. ಮೂರು ದಿನದಲ್ಲಿ ಹಿಂತೆಗೆದುಕೊಂಡರು. ಮೊದಲ ರಾಜೀನಾಮೆ ಜನರ ಕೈಗೆ ಕೊಟ್ಟದ್ದು. ಎರಡನೆಯದನ್ನು ಪಕ್ಷದವರೇ ಮರಳಿ ಕೈಗಿತ್ತರು. ಅಂದಿನಿಂದ ಮೌಲ್ಯಾಧಾರಿತ ರಾಜಕಾರಣವೆಂಬ ಮಾತಿನ ತೂಕ ತಗ್ಗಿತು. 1988ರ ಆಗಸ್ಟಿನಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪ ಬಂದು ಅವರು ಹೊರನಡೆದಾಗ ಅದು ಮರಳಿ ಬಾರದ ನಿರ್ಗಮನವಾಯಿತು.

ಈ ಎಲ್ಲ ಚರಿತ್ರೆಯನ್ನು ಓದಿದ ಮೇಲೆ ನನಗೆ ಅನುಮಾನ ಉಳಿದಿಲ್ಲ. ತಾನು ಹೊರಡಿಸಿದ ಕಟ್ಟಳೆಯನ್ನು ತಾನೇ ಮುರಿದ ನಾಯಕ ರಾಜೀನಾಮೆ ಮುಂದಿಡಬೇಕು. ಆ ಕಟ್ಟಳೆಗಾಗಿ ಜನ ಪ್ರಾಣವನ್ನೋ, ಅನ್ನವನ್ನೋ, ಹೆತ್ತವರ ಕೊನೆಯ ದರ್ಶನವನ್ನೋ ಬಿಟ್ಟುಕೊಟ್ಟಿದ್ದರಂತೂ ಬರಿಯ ಕ್ಷಮಾಪಣೆ ಸಾಲದು. ಆ ರಾಜೀನಾಮೆಯನ್ನು ಒಪ್ಪಬೇಕೋ ಮರಳಿಸಬೇಕೋ ಎಂಬುದನ್ನು ಪಕ್ಷದ ಸಭೆಯೂ ನಾಯಕನ ಬಳಗವೂ ತೀರ್ಮಾನಿಸಕೂಡದು, ಮತದಾರರೇ ತೀರ್ಮಾನಿಸಬೇಕು. ಜನ ಸುಮ್ಮನೆ ಕಠೋರರಾಗುವವರಲ್ಲ: ಹೆಗಡೆಯವರನ್ನು ಮರಳಿ ಕೂರಿಸಿದರು, ನ್ಯೂಸಮ್ ಅವರನ್ನು ಉಳಿಸಿಕೊಂಡರು.

ಕುರ್ಚಿ ಬಿಡಿಸುವುದಕ್ಕೂ ಸೇಡಿಗೂ ಸಂಬಂಧವಿರಬೇಕಿಲ್ಲ ಎಂಬುದಕ್ಕೆ ಓಲ್ಡರನೇ ಸಾಕ್ಷಿ. ರೂಫ್‌ನನ್ನು ಬೇಟೆಯಾಡಿ ಸೆರೆಗಟ್ಟಿಸಿದ ಆ ಸಂಪಾದಕ, 1911ರಲ್ಲಿ ಅವನು ಸ್ಯಾನ್ ಕ್ವೆಂಟಿನ್ ಜೈಲು ಸೇರಿದ ಮೇಲೆ ಅವನ ಬಿಡುಗಡೆಗಾಗಿ ಅದೇ ಪತ್ರಿಕೆಯಲ್ಲಿ ಹೋರಾಡಿದ. ಲಂಚ ಕೊಟ್ಟ ಧಣಿಗಳು ಹೊರಗಿರುವಾಗ ಒಬ್ಬನೇ ಒಳಗಿರುವುದು ನ್ಯಾಯವಲ್ಲ ಎಂದು ವಾದಿಸಿದ. 1915ರಲ್ಲಿ ರೂಫ್ ಹೊರಬಂದ. ಮನುಷ್ಯನಿಗೆ ದಯೆ ತೋರಿದ ಓಲ್ಡರ್ ಅಧಿಕಾರಕ್ಕೆ ದಯೆ ತೋರಲಿಲ್ಲ. ಆಳುವವರ ವಿಷಯದಲ್ಲಿ ನಾವು ಹಿಡಿಯಬೇಕಾದ ಅಳತೆಯೂ ಅದೇ. ತಪ್ಪಿದವರನ್ನು ಮನುಷ್ಯರಾಗಿ ಕ್ಷಮಿಸೋಣ; ಆದರೆ ಅವರ ಕುರ್ಚಿಯ ಲೆಕ್ಕವನ್ನು ಜನರ ಮುಂದೆ ತೆರೆಯದೆ ಬಿಡದಿರೋಣ.